ಚಾದರದ ಇನ್ನೊಂದು ತುದಿ

ಮಾರ್ಚ್ 4
ಬೆಳಗಿನ ಪಾಳಿ ಮುಗಿಯಿತು. ಹೋಟೆಲಿನ ಎಲ್ಲ ಮಹಡಿಗಳ ಚಾದರ, ಟವೆಲ್ ಒಗೆದು ಕಳಿಸಿಯಾಯಿತು. ಹೊಸಬಳು ಇವತ್ತೂ ಯಾರ ಜೊತೆಗೂ ಸೇರಲಿಲ್ಲ. ಮೂಲೆಯಲ್ಲಿ ಗೋಡೆ ನೋಡುತ್ತಾ ಉಂಡಳು. ಇಸ್ತ್ರಿಯವನ ದೂರು ಬೇರೆ— "ಕರೆದ್ರೆ ತಿರುಗಿ ಕೂಡ ನೋಡಲ್ಲ ಮೇಡಂ. ಏನು ಜಂಬ!" ಹೊಂದಿಕೊಳ್ಳದಿದ್ದರೆ ತಿಂಗಳ ಕೊನೆಗೆ ಕಳಿಸಿಬಿಡಿ ಅಂದಿದ್ದಾರೆ ಮ್ಯಾನೇಜರ್.

ಮಾರ್ಚ್ 6
ಅವಳನ್ನು ಕ್ಯಾಬಿನ್‌ಗೆ ಕರೆಸಿದೆ. ಸೂಪರ್‌ವೈಸರ್ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟ ಹಾಗೆ ಮುಗುಳ್ನಕ್ಕೆ.
"ತೊಂದರೆ ಏನಾದ್ರೂ ಇದ್ರೆ ಹೇಳಮ್ಮ."
"ಇಲ್ಲ ಮೇಡಂ."
"ಮನೇಲಿ ಎಲ್ಲಾ ಚೆನ್ನಾಗಿದಾರಾ?"
"ಹೂಂ ಮೇಡಂ."
ಪೊಲೀಸ್ ಠಾಣೆಯಲ್ಲಿ ಕೂತವಳ ಹಾಗೆ ಕೂತಿದ್ದಳು. ನನಗೇ ನಾಚಿಕೆಯಾಯಿತು.

ಬಸ್ಸಿನಲ್ಲಿ ದೊಡ್ಡಕ್ಕ ನೆನಪಾದಳು. ನನ್ನ ಮೊದಲ ಸೂಪರ್‌ವೈಸರ್. ನಾವೆಲ್ಲ ಕರೆಯುತ್ತಿದ್ದುದೇ ಹಾಗೆ. ಮೊದಲ ದಿನ ಮಿಷಿನ್ ಹಿಂದೆ ನಿಂತು ಅಳುತ್ತಿದ್ದೆ. ಯಾಕೆ ಎಂದು ಕೇಳಲಿಲ್ಲ. ಚಾದರದ ಇನ್ನೊಂದು ತುದಿ ಹಿಡಿದಳು. ಮಡಿಸುತ್ತಾ ಗಂಡನ ಗೊರಕೆಯ ಕಥೆ ತೆಗೆದಳು— "ನಮ್ಮನೆಯವ್ರು ಶುರು ಮಾಡಿದ್ರೆ ಪಕ್ಕದ ಮನೆ ಮಗು ಎದ್ದು ಅಳುತ್ತೆ ಕಣೆ!" ರಾಶಿ ಮುಗಿಯುವಷ್ಟರಲ್ಲಿ ಅಮ್ಮನ ಕಾಯಿಲೆಯ ಸಂಗತಿಯೆಲ್ಲ ನಾನೇ ಹೇಳಿಕೊಂಡಿದ್ದೆ. ಈಗಲೂ ಅದೇ ಕೋಣೆ, ಬಿಸಿ ಬಟ್ಟೆಯ ಅದೇ ವಾಸನೆ. ಆ ನಗು ಮಾತ್ರ...

ಮಾರ್ಚ್ 7
ಕ್ಯಾಬಿನ್ ಬಿಟ್ಟು ಹೋಗಿ ಹೊಸಬಳ ಎದುರು ಚಾದರ ಹಿಡಿದೆ. ಗಾಬರಿಯಾದಳು.
"ನೀವ್ಯಾಕೆ ಮೇಡಂ?"
"ಕೂತು ಕೂತು ಸೊಂಟ ಹಿಡ್ಕೊಂಡಿದೆ."
ಮಗನ ಮೇಲೆ ದೂರು ಹೇಳಿದೆ. ಒಗೆದದ್ದು, ಕೊಳೆಯಾದದ್ದು ಎಲ್ಲ ಒಂದೇ ಕುರ್ಚಿಯ ಮೇಲೆ ಪೇರಿಸುತ್ತಾನೆ. ಲಾಂಡ್ರಿಯವಳ ಮಗ! ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಮಾರ್ಚ್ 12
ದಿನಾ ಸ್ವಲ್ಪ ಹೊತ್ತು ಮಡಿಸುತ್ತೇವೆ. ಇವತ್ತು ಅವಳ ಎಡಕ್ಕೆ ನಿಂತು ಏನೋ ಹೇಳಿದೆ. ಉತ್ತರವಿಲ್ಲ. ಎದುರಿಗೆ ಬಂದು ಹೇಳಿದೆ. ತಟ್ಟನೆ ಉತ್ತರ. ತಲೆಯಲ್ಲಿ ಏನೋ ಹೊಳೆಯಿತು. "ಈ ಕಿವಿ..." ಅಂದೆ. ಅವಳ ಕೈಯಿಂದ ಚಾದರ ಜಾರಿತು.
"ಚಿಕ್ಕವಳಿದ್ದಾಗ ಜ್ವರ ಬಂದು ಎಡಗಿವಿ ಹೋಯ್ತು ಮೇಡಂ. ಮಿಷಿನ್ ಸದ್ದಲ್ಲಿ ಇನ್ನೊಂದೂ ಅಷ್ಟಕ್ಕಷ್ಟೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ..."
"ನಾನೇನು ನಿನ್ನನ್ನ ಸಂಗೀತ ಕೇಳೋಕೆ ಇಟ್ಕೊಂಡಿದೀನಾ?"
ಅಳುತ್ತಲೇ ನಕ್ಕಳು.
"ಎಲ್ರಿಗೂ ನಾನು ಹೇಳ್ಲಾ?"
"ಬೇಡ. ನಾನೇ ಹೇಳ್ತೀನಿ."

ಮಾರ್ಚ್ 14
ಊಟದ ಹೊತ್ತಿಗೆ ಹೇಳಿದಳು. ಎಲ್ಲರೆದುರಿಗೇ. ಇಸ್ತ್ರಿಯವನು ಡಬ್ಬಿ ಎತ್ತಿಕೊಂಡು ಹೋಗಿ ಅವಳ ಬಲಕ್ಕೆ ಕೂತ. "ಮೊದ್ಲೇ ಹೇಳ್ಬಾರ್ದಾ? ಬೈದಿದ್ದೆಲ್ಲಾ ದಂಡ ಆಯ್ತು!"

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವಳು ಇರುತ್ತಾಳೆ, ಜವಾಬ್ದಾರಿ ನನ್ನದು ಅಂದೆ. ಗೊಣಗಿದರು, ಒಪ್ಪಿದರು. ದೊಡ್ಡಕ್ಕನಿಗೆ ಹೇಳಬೇಕು ಅನ್ನಿಸಿತು. ಎಲ್ಲಿದ್ದಾಳೆ ಈಗ, ಹೇಳುವುದಕ್ಕೆ...

ಮಾರ್ಚ್ 29
ಜ್ವರ. ಕೆಲಸಕ್ಕೆ ಹೋಗದೆ ದಿನಗಳಾದವು. ಸಂಜೆ ಬಾಗಿಲು ತೆರೆದರೆ ಅವಳು! ಇಸ್ತ್ರಿಯವನ ಹತ್ತಿರ ವಿಳಾಸ ಕೇಳಿಕೊಂಡು ಬಂದಳಂತೆ. ಕೂತವಳು ಬಾಯಿ ಮುಚ್ಚಲಿಲ್ಲ. ತಂಗಿಯ ಮದುವೆ, ಮನೆ ಮಾಲೀಕನ ಜಿಪುಣತನ, ಮಿಷಿನ್ ಕೆಟ್ಟು ನೆಲವೆಲ್ಲ ನೊರೆಯಾದದ್ದು. ನಗುತ್ತಾ ನಗುತ್ತಾ ಕೆಮ್ಮು ಬಂತು ನನಗೆ.

ಎದ್ದು ನನ್ನ ಹಾಸಿಗೆಯ ಚಾದರ ಬದಲಾಯಿಸತೊಡಗಿದಳು. "ಬಿಡೇ, ನಾನು ಮಾಡ್ಕೋತೀನಿ" ಅಂದೆ. ಬೇಕೆಂದೇ ಎಡಗಿವಿ ನನ್ನ ಕಡೆ ತಿರುಗಿಸಿದಳು. ಕಳ್ಳಿ!

ಈಗಷ್ಟೇ ಹೋದಳು. ಬಾಗಿಲು ಬಡಿಯುತ್ತಿದೆ. ಅವಳೇ ಇರಬೇಕು, ಕೊಡೆ ಇಲ್ಲೇ ಬಿಟ್ಟು ಹೋಗಿದ್ದಾಳೆ—