ಒಲೆ ಆರಿಸದ ತಪ್ಪಿಗೆ

ಸಣ್ಣ ವ್ಯಾಪಾರಿಗಳಿಗೆ ಪರಿಹಾರ ಹಂಚಿದ ಮಾನ್ಯ ಅಧಿಕಾರಿಗಳೇ,

ಲಾಕ್‌ಡೌನಿನಲ್ಲಿ ನಿಮ್ಮ ಮಾತು ನಂಬಿ ನನ್ನ ತಾಯಿ ಒಲೆ ಉರಿಸಿದಳು. ಒಲೆ ಉರಿಯುತ್ತಿತ್ತೆಂಬ ಕಾರಣಕ್ಕೇ ನೀವು ಅವಳಿಗೆ ಪರಿಹಾರ ನಿರಾಕರಿಸಿದಿರಿ.

ಅವಳು ಬಸವಣ್ಣೆಮ್ಮ. ಆನವಟ್ಟಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬಸ್ಸು ನಿಂತಿತು, ಸಂತೆ ನಿಂತಿತು, ಉಣ್ಣಲು ಬರುವವರೂ ನಿಂತರು. ಬಾಗಿಲು ಹಾಕಲು ಹೊರಟವಳನ್ನು ತಡೆದವರು ನೀವು. ಹೊರಗಿನಿಂದ ಬಂದವರನ್ನು ಹಾಸ್ಟೆಲಿನಲ್ಲಿ ಇರಿಸಿದ್ದಿರಿ, ಅವರಿಗೆ ಊಟ ಬೇಕಿತ್ತು. "ಈಗ ನೀವು ಕೈಬಿಡಬೇಡ್ರಿ ಅಮ್ಮ, ಮುಂದೆ ಸರ್ಕಾರ ನಿಮ್ಮನ್ನ ಕೈಬಿಡಲ್ಲ" ಎಂದಿರಿ. ಸಾಮಾನಿನ ಖರ್ಚು ಕೊಟ್ಟಿರಿ, ಸುಳ್ಳು ಹೇಳಲಾರೆ. ರೋಗ ತರುತ್ತಾಳೆಂದು ನೆರೆಯವರು ನಮಗೆ ಹಾಲು ಕೊಡುವುದನ್ನು ಬಿಟ್ಟರು. ಅಮ್ಮ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಕೊನೆಗೆ ಜ್ವರ ಬಂದು ಅದೇ ಹಾಸ್ಟೆಲಿನಲ್ಲಿ ಮಲಗಿದಳು.

ಪರಿಹಾರ ಘೋಷಣೆಯಾದಾಗ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಸೊರಬದ ನಿಮ್ಮ ಕಚೇರಿಗೆ ಬಂದೆ. "ಮುಚ್ಚಿದ್ದ ಅಂಗಡಿಗಳಿಗೆ ಮಾತ್ರ ರೀ. ನಿಮ್ಮದು ನಡೀತಿತ್ತಲ್ಲ" ಎಂದಿರಿ.

"ನಡೆಸಿ ಅಂದೋರು ನೀವೇ ಅಲ್ಲೇನ್ರೀ ಸಾಹೇಬ್ರೆ" ಎಂದಳು ಅಮ್ಮ.

ನೀವು ನನ್ನತ್ತ ತಿರುಗಿದಿರಿ. "ಸಾಲದ ಯೋಜನೆ ಇದೆ. ಅವರಿಗೆ ತಿಳಿಸಿ ಹೇಳಿ."

ಏನೆಂದು ಹೇಳಲಿ? ಉಣ್ಣುವವರ ಜೇಬೇ ಬರಿದಾಗಿರುವಾಗ ಸಾಲ ತಂದು ಯಾರಿಗೆ ಬಡಿಸುವುದು? ನಾವು ಕಳೆದುಕೊಂಡದ್ದು ಗಿರಾಕಿಯನ್ನು, ನೀವು ಕೊಡಲು ಬಂದದ್ದು ಕಂತನ್ನು. ಆರ್ಥಿಕತೆ ಚೇತರಿಸಿಕೊಂಡಿದೆ ಎಂದು ನಿಮ್ಮ ಭಾಷಣಗಳಲ್ಲಿ ಕೇಳುತ್ತೇನೆ. ಅದು ಎಲ್ಲಿ ಊಟ ಮಾಡುತ್ತಿದೆಯೋ ತಿಳಿಯದು, ನಮ್ಮಲ್ಲಿಗಂತೂ ಬರಲಿಲ್ಲ.

ಖಾನಾವಳಿ ಮುಚ್ಚಿತು. ಅಮ್ಮ ಈಗ ಶಿಕಾರಿಪುರದ ಹೋಟೆಲೊಂದರಲ್ಲಿ ಸಂಬಳಕ್ಕೆ ರೊಟ್ಟಿ ಬಡಿಯುತ್ತಾಳೆ. "ಅವರು ಕೊಡ್ಲಿಲ್ಲ ಅಂತಲ್ಲ ಕಣೆ, ಸರ್ಕಾರ ನಮ್ ಬೆನ್ನಿಗಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ನಲ್ಲ" ಎನ್ನುತ್ತಾಳೆ. ಆ ನಾಚಿಕೆಗೆ ನಿಮ್ಮಲ್ಲಿ ಯಾವ ಯೋಜನೆಯಿದೆ?

ಕಳೆದ ಮಳೆಗಾಲದಲ್ಲಿ ಮನೆ ಬಿದ್ದವರನ್ನು ಶಾಲೆಯೊಂದರಲ್ಲಿ ಇರಿಸಿದಾಗ ನಿಮ್ಮವರು ಅಡುಗೆಗೆಂದು ಮತ್ತೆ ಅಮ್ಮನನ್ನು ಹುಡುಕಿಕೊಂಡು ಬಂದರು. "ಹೋಗ್ತೀನಿ. ಹಸಿದೋರ್ ಮೇಲೆ ಎಂತ ಸಿಟ್ಟು?" ಎಂದು ಅವಳು ಚೀಲ ಎತ್ತಿಕೊಂಡಳು. ಬಾಗಿಲಿಗೆ ಅಡ್ಡ ನಿಂತು ತಡೆದವಳು ನಾನು. ಹಸಿದವರ ಬಳಿಗೆ ಹೊರಟ ತಾಯಿಯನ್ನು ತಡೆಯುವ ಮಗಳನ್ನು ತಯಾರಿಸಿದ್ದು ನಿಮ್ಮ ನೀತಿ.

ಆ ನಿಯಮವನ್ನು ತಿದ್ದಿ. ಸರ್ಕಾರದ ಕರೆಗೆ ಓಗೊಟ್ಟು ದುಡಿದವರೂ ನಷ್ಟ ಅನುಭವಿಸಿದವರೇ ಎಂದು ಬರೆಯಿರಿ. ಅಲ್ಲಿಯವರೆಗೆ ಯಾರ ಮನೆಯ ಮುಂದೆಯೂ ನಿಂತು ಮಾತು ಕೊಡಬೇಡಿ.

ಇಂತಿ,
ನಿಮ್ಮ ಘೋಷಣೆಗೆ ಚಪ್ಪಾಳೆ ತಟ್ಟಿದವರಲ್ಲೊಬ್ಬಳು,
ನಾಗಶ್ರೀ, ಆನವಟ್ಟಿ