ಬೆಳ್ಳಿ ಬಿಟ್ಟು ತೊಗಲು ಕದ್ದವನಿಗೆ

ಅಪಾನೊವೂನಿ, ಕಾರ್ಪಾಥೋಸ್ ದ್ವೀಪ
ಪ್ರವಾದಿ ಎಲೀಯನ ಹಬ್ಬದ ಮರುದಿನ, 1884

ಪ್ರೀತಿಯ ಮೈದುನ ಸ್ತಮಾತಿಗೆ, ಅತ್ತಿಗೆ ಕಲ್ಯೋಪಿ ನಿನ್ನ ಎರಡೂ ಕಣ್ಣಿಗೆ ಮುತ್ತಿಟ್ಟು ಬರೆಯುವುದು.

ಮೊದಲು ಆರೋಗ್ಯದ ವಿಷಯ ಹೇಳು. ಎದೆಯ ಕೆಮ್ಮು ಇಳಿಯಿತೇ? ಅಲೆಕ್ಸಾಂಡ್ರಿಯಾದಲ್ಲಿ ಹತ್ತಿಯ ಧೂಳು ಕುಡಿದೇ ಬದುಕುತ್ತಿದ್ದೀಯ ಎಂದು ಹಡಗಿನ ಮಿಖಾಲಿ ಹೇಳಿದ. ಅವನ ಕೈಯಲ್ಲಿ ಒಣ ಅಂಜೂರ ಕಳಿಸಿದ್ದೇನೆ, ಕಷಾಯಕ್ಕೆ ಬೆಟ್ಟದ ಸೊಪ್ಪನ್ನೂ ಇಟ್ಟಿದ್ದೇನೆ. ಜೇನು ಹಾಕಿಕೊಂಡು ಕುಡಿ, ಸಣ್ಣವನಿದ್ದಾಗಿನಂತೆ ಕಿಟಕಿಯಾಚೆ ಚೆಲ್ಲಬೇಡ. ಈಗಲೂ ಬೋರಲು ಮಲಗುತ್ತೀಯಾ? ನಿಮ್ಮಮ್ಮ ಹೋದ ಮೇಲೆ ನಿನ್ನ ತಲೆಯ ಹೇನು ಹೆಕ್ಕಿದವಳು ನಾನು. ನಿನ್ನ ಪಾಠ ಒಪ್ಪಿಸಿಕೊಳ್ಳುತ್ತಾ ಒಪ್ಪಿಸಿಕೊಳ್ಳುತ್ತಾ ನಾನೂ ಅಕ್ಷರ ಕಲಿತೆ. ಅದಕ್ಕೇ ಈ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವ ಗತಿ ಬರಲಿಲ್ಲ, ನಿನ್ನ ಪುಣ್ಯ.

ನೀನು ಕಟ್ಟಿಸಿಕೊಟ್ಟ ಗಂಟೆಗೋಪುರ ಮುಗಿದಿದೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ನಿನ್ನ ಹೆಸರು ಕೆತ್ತಿದ ಅಮೃತಶಿಲೆಯನ್ನು ಬಾಗಿಲ ಮೇಲೆ ಕೂರಿಸಿದ್ದಾರೆ. ದೇವಮಾತೆಯ ಹಬ್ಬಕ್ಕೆ ನೀನೇ ಬಂದು ಮೊದಲ ಗಂಟೆ ಹೊಡೆಯುತ್ತೀಯ ಎಂದು ಊರೆಲ್ಲ ಸುಣ್ಣ ಬಳಿದುಕೊಳ್ಳುತ್ತಿದೆ. ಮಿನಾಸ್ ಪಾದ್ರಿಗಳಂತೂ ನನ್ನನ್ನು ಕಂಡಾಗಲೆಲ್ಲ, "ನೀನು ಸಾಕಿದ ಹುಡುಗ ಕಣಮ್ಮಾ, ಊರಿಗೇ ದೊಡ್ಡ ದಣಿ ಆಗಿಬಿಟ್ಟ" ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ.

ಈಗ ಮನೆಯ ಸುದ್ದಿ. ಹೋದ ಶನಿವಾರ ನಿನ್ನ ಅಣ್ಣನ ಮೂಳೆ ತೆಗೆದೆವು. ಹೂತು ಮೂರು ವರ್ಷ ತುಂಬಿತ್ತು, ವಾಡಿಕೆಯಂತೆ ತೆಗೆದು ತೊಳೆಯಲೇಬೇಕಿತ್ತು. ನಾನು ಮತ್ತು ನನ್ನ ಮಗಳು ಝಂಬಿಯಾ ಅಗೆದೆವು, ಉಳಿದ ಹೆಂಗಸರು ಸುತ್ತ ನಿಂತರು. ಪ್ರೀತಿಗೆ ಬಂದವರಲ್ಲ, ಸ್ತಮಾತಿ. ನೋಡಲು ಬಂದವರು. ಗುಡಿಯ ಪುಸ್ತಕ ಕದ್ದು ಶಾಪ ತಟ್ಟಿಸಿಕೊಂಡವನ ಮೈ ಮಣ್ಣಲ್ಲಿ ಕರಗಿರುವುದಿಲ್ಲ, ಕಪ್ಪಗೆ ಉಬ್ಬಿಕೊಂಡು ಮಲಗಿದಂತೆಯೇ ಇರುತ್ತದೆ ಎಂದು ಕಣ್ಣು ತುಂಬಿಕೊಳ್ಳಲು ಬಂದವರು. ಪಕ್ಕದ ಮನೆಯ ಮಾರೂಲಾ ಮೂಗಿಗೆ ಬಟ್ಟೆ ಹಿಡಿದುಕೊಂಡೇ ಬಂದಿದ್ದಳು. "ನೋಡ್ತಿರಿ, ಮಣ್ಣು ಮುಟ್ಟಿರಲ್ಲ ಅವನನ್ನ" ಅಂತ ನನಗೆ ಕೇಳುವ ಹಾಗೇ ಅಂದಳು. ಗುದ್ದಲಿ ಇಟ್ಟು ಕೈಯಿಂದ ಮಣ್ಣು ಸರಿಸಿದೆ. ತಲೆಬುರುಡೆ ಬಂತು. ಜೇನುಮೇಣದ ಬಣ್ಣ, ಒಂದು ಚೂರು ಮಾಂಸವಿಲ್ಲ, ಕಲೆಯಿಲ್ಲ. ಮಣ್ಣು ಅವನನ್ನು ಪ್ರೀತಿಯಿಂದ ತಿಂದಿತ್ತು. ಬಿಳಿ ಬಟ್ಟೆಯ ಮೇಲಿಟ್ಟು ದ್ರಾಕ್ಷಾರಸದಲ್ಲಿ ತೊಳೆದೆವು. ಮಾರೂಲಾ ಮಂಡಿಯೂರಿ, "ಅಯ್ಯೋ ಪಂಟೆಲಿ, ನನ್ನ ನಾಲಿಗೆ ಬಿದ್ದುಹೋಗ, ಕ್ಷಮಿಸಪ್ಪಾ" ಎಂದು ಬುರುಡೆಗೆ ಮುತ್ತಿಟ್ಟಳು. ನಾನು ಅವಳ ಜಡೆ ಹಿಡಿದು ಎಬ್ಬಿಸಿ ಆಚೆ ತಳ್ಳಿದೆ. ಬದುಕಿದ್ದಾಗ ಅವನ ಮುಖಕ್ಕೆ ಉಗಿದ ಬಾಯಿ ಅದು.

ಆ ಪುಸ್ತಕ ನಿನಗೆ ನೆನಪಿರಲೇಬೇಕು. ನಮ್ಮ ಮುತ್ತಜ್ಜರ ಮುತ್ತಜ್ಜರಿಗಿಂತಲೂ ಹಳೆಯ ಸುವಾರ್ತೆ. ಯಾವನೋ ಸನ್ಯಾಸಿ ಕರುವಿನ ತೊಗಲಿನ ಮೇಲೆ ಬರೆದು, ಕೊನೆಯ ಹಾಳೆಯಲ್ಲಿ, ಇದನ್ನು ಈ ಗುಡಿಯಿಂದ ಹೊರಗೊಯ್ಯುವವನಿಗೆ ಪವಿತ್ರ ಪಿತೃಗಳ ಶಾಪ ತಟ್ಟಲಿ ಎಂದು ಸಹಿ ಹಾಕಿದ್ದು. ಹೆರಿಗೆ ಕಷ್ಟವಾದಾಗ ಲೂಕನ ಚಿತ್ರವಿರುವ ಹಾಳೆ ತೆರೆದು ಹೊಟ್ಟೆಯ ಮೇಲೆ ಇಡುತ್ತಿದ್ದೆವು. ನಾವು ಮುತ್ತಿಟ್ಟು ಮುತ್ತಿಟ್ಟು ಲೂಕನ ಮುಖವೇ ಅಳಿಸಿಹೋಗಿತ್ತು. ನೀನು ಊರು ಬಿಟ್ಟ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ಉಂಡು ಮಲಗಿದ್ದ ಪರದೇಶಿ ವಿದ್ವಾಂಸ, "ಎಂಥಾ ಚಿತ್ರ ಹಾಳುಮಾಡಿದ್ದೀರಿ" ಎಂದು ಲೊಚಗುಟ್ಟಿದಾಗ ನೀನೂ ಅವನ ಜೊತೆ ನಕ್ಕೆ. ನನಗೆ ಆಗಲೇ ಚುಚ್ಚಿತ್ತು.

ಅವನು ಹೋದ, ಸುಗ್ಗಿ ಮುಗಿದ ಮೇಲೆ ನೀನೂ ಹಡಗು ಹತ್ತಿದೆ. ಯಾರಿಗೂ ಏನೂ ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ಭಾನುವಾರ ಪೂಜೆಯಲ್ಲಿ ಪಾದ್ರಿಗಳು ಓದುವುದು ಅಚ್ಚಿನ ಪುಸ್ತಕ. ಹಳೆಯದನ್ನು ಎತ್ತಿ ತೋರಿಸುತ್ತಾರೆ, ನಾವು ಬೆಳ್ಳಿಯ ಕವಚಕ್ಕೆ ಮುತ್ತಿಡುತ್ತೇವೆ. ಬೆಳ್ಳಿ ಅಲ್ಲೇ ಇತ್ತು. ಕಳ್ಳ ಬಂದರೆ ಬೆಳ್ಳಿ ಒಯ್ಯುತ್ತಾನೆ ಎಂದು ನಂಬಿದ್ದ ಪೆದ್ದರು ನಾವು. ಮರುವರ್ಷ ಪಾದ್ರಿಗಳ ಮಗಳು ಅರ್ಗೀರೋಗೆ ಹೆರಿಗೆ ನೋವು ಬಂದಾಗ ಪುಸ್ತಕ ತಂದು ಹೊಟ್ಟೆಯ ಮೇಲಿಟ್ಟರು. ಆ ನೋವಿನಲ್ಲೂ ಅವಳು ಕಿರುಚಿದ್ದು, "ಇದು ನಮ್ದಲ್ಲ! ಹಗುರ ಇದೆ, ಇದು ನಮ್ದಲ್ಲ!" ತೆರೆದರೆ ಒಳಗೆ ಅಳತೆಗೆ ಕತ್ತರಿಸಿ ಹೊಲಿದ ಅಚ್ಚಿನ ಕಾಗದ.

ಗುಡಿಯ ಬೀಗದ ಕೈ ಇದ್ದದ್ದು ನಿನ್ನ ಅಣ್ಣನ ಸೊಂಟದಲ್ಲಿ. ಇನ್ನು ಯಾರನ್ನು ಹಿಡಿಯುತ್ತಾರೆ? ಈ ಊರಲ್ಲಿ ನಿಜವನ್ನು ಸಾಬೀತು ಮಾಡುವುದು ಹೇಗೆಂದು ನಿನಗೆ ಗೊತ್ತು: ಆ ಸುವಾರ್ತೆಯ ಮೇಲೆ ಕೈಯಿಟ್ಟು ಆಣೆ ಮಾಡಿದರೆ ಮುಗಿಯಿತು, ಮತ್ತೆ ಯಾರೂ ಬಾಯೆತ್ತುವುದಿಲ್ಲ. ನಿನ್ನ ಅಣ್ಣ ಆಣೆಗೆ ಕೈ ಚಾಚಿದ. ಕೈಯಿಡಲು ಪುಸ್ತಕವೇ ಇರಲಿಲ್ಲ! ಅವನು ನಿರಪರಾಧಿ ಎನ್ನುವುದನ್ನೂ ನೀನೇ ಗಂಟು ಕಟ್ಟಿ ಒಯ್ದಿದ್ದೆ. ಕಡೆಗೆ ಪಾದ್ರಿಗಳು ಕರಿ ಮೇಣದಬತ್ತಿ ಹಚ್ಚಿ ಹೆಸರು ತಿಳಿಯದ ಕಳ್ಳನಿಗೆ ಶಾಪ ಓದಿದರು. ಕವಲುದಾರಿಯಲ್ಲಿ ಊರವರೆಲ್ಲ ಒಬ್ಬೊಬ್ಬರಾಗಿ ಕಲ್ಲೆಸೆದು, "ಮಣ್ಣು ತಿನ್ನದಿರಲಿ ಅವನನ್ನ" ಎಂದರು. ಪಂಟೆಲಿ ಕಲ್ಲು ಎತ್ತಿದ. ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತ. ಎಸೆಯಲಿಲ್ಲ. ಮೆಲ್ಲಗೆ ಕೆಳಗಿಟ್ಟ. ಅಷ್ಟು ಸಾಕಾಯಿತು ಊರಿಗೆ. ಅಂದಿನಿಂದ ಅವನಿಗೆ ಯಾರೂ ರೊಟ್ಟಿ ಮುರಿದು ಕೊಡಲಿಲ್ಲ.

ಯಾಕೆ ಎಸೆಯಲಿಲ್ಲ ಎಂದು ನನಗೂ ಹೇಳಲಿಲ್ಲ, ಸಾಯುವ ದಿನದವರೆಗೆ. ಆ ದಿನ ಹೇಳಿದ. ಕಣಕ್ಕೆ ಹೋಗುವಾಗ, ದೀಪಕ್ಕೆ ಎಣ್ಣೆ ಹಾಕು ಎಂದು ಒಂದೇ ಒಂದು ಸಲ ಬೀಗದ ಕೈ ಬೇರೆಯವರಿಗೆ ಕೊಟ್ಟಿದ್ದನಂತೆ. ನಿನಗೆ. "ಚಿಕ್ಕವನು ಕಣೇ, ತಿಳಿಯದೆ ಮಾಡ್ದ. ನನ್ನ ಮೂಳೆ ಮೇಲೆ ಬರೋವರೆಗೂ ಬಾಯಿ ಬಿಡಬೇಡ, ಅಷ್ಟರೊಳಗೆ ಅವನೇ ಬಂದು ಒಪ್ಕೋತಾನೆ" ಎಂದು ನನ್ನಿಂದ ಮಾತು ತೆಗೆದುಕೊಂಡ. ನಾನು ಕಾದೆ. ನೀನು ಬರಲಿಲ್ಲ, ಗಂಟೆಗೋಪುರ ಕಳಿಸಿದೆ. ಮಗಳ ನಿಶ್ಚಿತಾರ್ಥ ಮುರಿಯಿತು, ನಾನು ನೀರಿಗೆ ಹೋದರೆ ಬಾವಿಕಟ್ಟೆ ಖಾಲಿಯಾಗುತ್ತಿತ್ತು, ಮೇಲೆ ನಿನ್ನ ಗೋಪುರದ ಕಲ್ಲು ಏರುತ್ತಿತ್ತು. ಸ್ತಮಾತಿ, ನಿನ್ನನ್ನು ಮಗನಂತೆ ಪ್ರೀತಿಸಿದ್ದೆ. ಈಗ ಅಷ್ಟೇ ದ್ವೇಷಿಸುತ್ತೇನೆ.

ಶನಿವಾರ ಮೂಳೆ ಮೇಲೆ ಬಂತು. ಕೊಟ್ಟ ಮಾತು ತೀರಿತು. ಆದರೂ ನಿನ್ನ ಹೆಸರು ಹೇಳಿಲ್ಲ. ಪಾದ್ರಿಗಳ ಹತ್ತಿರ ಹೋಗಿ ಇಷ್ಟೇ ಕೇಳಿದೆ: ನನ್ನ ಗಂಡ ಕಳ್ಳನಲ್ಲ ಎಂದಾಯಿತು, ಹಾಗಾದರೆ ಕಳ್ಳ ಬೇರೆ ಇದ್ದಾನೆ, ಅವನ ಮೇಲೆ ಮತ್ತೊಮ್ಮೆ ಕಲ್ಲು ಬೀಳಬೇಡವೇ? ಒಪ್ಪಿದರು. ಹಬ್ಬದ ದಿನ, ಗಂಟೆ ಹೊಡೆಯುವ ಮುಂಚೆ. ಮೊದಲ ಕಲ್ಲು ಗೋಪುರದ ದಣಿಯ ಕೈಯಿಂದ ಎಂದು ನಾನೇ ಸೂಚಿಸಿದೆ. "ತಕ್ಕ ಮರ್ಯಾದೆ!" ಎಂದು ಊರವರೆಲ್ಲ ಕುಣಿದರು. ಅಣ್ಣ ಕೆಳಗಿಟ್ಟ ಕಲ್ಲನ್ನು ನಾನು ಅಂದೇ ಎತ್ತಿ ತಂದಿದ್ದೆ. ಅದನ್ನೇ ನಿನಗೆ ಕೊಡುತ್ತೇನೆ. ಅವನಿಗೆ ನಿನ್ನನ್ನು ಶಪಿಸಲು ಆಗಲಿಲ್ಲ. ನಿನಗೆ ನಿನ್ನನ್ನು ಶಪಿಸಲು ಆಗುತ್ತದೆಯೇ, ಊರ ಮುಂದೆ ನೋಡೋಣ. ಪುಸ್ತಕವನ್ನು ಆ ವಿದ್ವಾಂಸನಿಂದ ಬಿಡಿಸಿ ತಂದು ನಿನ್ನ ಬಾಯಲ್ಲೇ ಒಪ್ಪಿಕೊಂಡರೆ ಪಾದ್ರಿಗಳು ಶಾಪ ಬಿಡಿಸಬಹುದು. ನಾನು ಬಿಡಿಸುವುದಿಲ್ಲ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ದೇವಮಾತೆ ನಿನ್ನನ್ನು ಹಬ್ಬದವರೆಗೆ ಕಾಪಾಡಲಿ.

ನಿನ್ನ ಅತ್ತಿಗೆ,
ಪಂಟೆಲಿಯ ಕಲ್ಯೋಪಿ

ಮರೆತಿದ್ದೆ, ಮಿಖಾಲಿ ಹಾಯಿ ಬಿಚ್ಚುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಬ್ಬಕ್ಕೆ ಬರಲಾಗದಿದ್ದರೂ ಚಿಂತೆಯಿಲ್ಲ. ಸತ್ತರೆ ಊರ ಮಣ್ಣಿಗೇ, ಅಣ್ಣನ ಮಗ್ಗುಲಿಗೇ ಹಾಕಿ ಎಂದು ಈಸ್ಟರಿಗೆ ಬರೆದಿದ್ದೆಯಲ್ಲ, ಅವನ ಗುಂಡಿಯೇ ಈಗ ಖಾಲಿಯಿದೆ. ಮುಚ್ಚಬೇಡಿ, ನನ್ನ ಮೈದುನನಿಗೆ ಬೇಕು ಎಂದು ಹೇಳಿ ಹಲಗೆ ಹಾಸಿದ್ದೇನೆ. ಮೂಳೆ ತೆಗೆಯುವುದು ಮನೆಯ ಹೆಂಗಸರ ಕೆಲಸ. ನಿನಗೆ ಹೆಂಡತಿಯಿಲ್ಲ, ಅಕ್ಕತಂಗಿಯರಿಲ್ಲ. ನಾನೇ ಅಗೆಯಬೇಕು. ಮೂರು ವರ್ಷ ತುಂಬಿದ ದಿನ ಊರನ್ನೆಲ್ಲ ಕರೆದು ಅಗೆಯುತ್ತೇನೆ. ಕೆಮ್ಮು ಹೇಗಿದೆ ಎಂದು ತಪ್ಪದೆ ಬರೆ.