ನೆಲಕ್ಕೂ ಅಂಚಿಗೂ ಒಂದು ಬೆರಳು

ಮೇ 11, ಸೋಮವಾರ
ಉಪ್ಪು ಹಾಕಿದ ಓಟ್ಸ್ ಗಂಜಿ. ಕುರಿಗಳನ್ನು ಗುಡ್ಡಕ್ಕೆ ಅಟ್ಟಿದೆ. ಅಷ್ಟರಲ್ಲಿ ನಮ್ಮ ಅಣ್ಣನ ಮಗಳು ಇಶ್ಬೆಲ್‌ನ ಮದುವೆಯಾಗೋ ಹುಡುಗ ರೂರಿ ಬಂದ, ಗ್ಲಾಸ್ಗೋದವನು. ಬಾಡಿಗೆ ಕಿಲ್ಟ್, ನಮ್ಮ ಗಂಡಸರು ಮದುವೆಗೆ ಉಡೋ ನೆರಿಗೆ ಲಂಗ, ಹಾಕಿ ತೋರಿಸೋದಕ್ಕೆ. ಅಯ್ಯೋ ದೇವರೇ. ಪ್ಯಾಂಟಿನ ಹಾಗೆ ಸೊಂಟದ ಮೂಳೆ ಮೇಲೆ ಕಟ್ಟಿದ್ದಾನೆ. ಅಂಚು ಮಂಡಿ ದಾಟಿ ಕೆಳಗೆ. ಮುಂದಿನ ತೊಗಲು ಚೀಲ, ಸ್ಪಾರನ್ — ಮೇಕೆ ಕೆಚ್ಚಲಿನ ಹಾಗೆ ತೊಡೆ ನಡುವೆ ತೂಗಾಡ್ತಿದೆ.

ಕಿಲ್ಟ್ ಹೊಕ್ಕಳ ಮಟ್ಟಕ್ಕೆ. ಅಂಚು ಮಂಡಿಚಿಪ್ಪಿನ ನಡುವಿಗೆ. ಸ್ಪಾರನ್ ಬಕಲ್‌ನಿಂದ ನಾಲ್ಕೇ ಬೆರಳು ಕೆಳಗೆ. ಇಷ್ಟೂ ಗೊತ್ತಿಲ್ಲದವನಿಗೆ ಹೆಣ್ಣು ಕೊಡ್ತಿದ್ದೇವೆ.

ಎಲ್ಲರೆದುರೇ ಕಾನೂನು ಮಾಡಿದೆ. ಮಂಡಿಯೂರಿದಾಗ ನೆಲಕ್ಕೂ ಅಂಚಿಗೂ ಒಂದು ಬೆರಳು ಸಂದಿ ಇರಬೇಕು. ಯಾರದ್ದು ನೆಲ ಮುಟ್ಟುತ್ತೋ ಅವನು ಮದುವೆಗೆ ಪ್ಯಾಂಟು ಹಾಕಬೇಕು. ಮದುಮಗನಾದರೂ ಸರಿ. ಇಶ್ಬೆಲ್ ನಕ್ಕಳು. ಬರೆದೂ ಇಟ್ಟುಕೊಂಡಳು.

ಮೇ 13, ಬುಧವಾರ
ರೂರಿ ಮೇಲೆಳೆದು ಕಟ್ಟಿ ಬಂದ. ಸರಿಯಾಗಿದೆ. ಬೇಜಾರಾಯ್ತು.
ಇಶ್ಬೆಲ್‌ಳ ಅಪ್ಪ, ನನ್ನಣ್ಣ ಟಾರ್ಕಿಲ್, ಹೋಗಿ ಆರು ವರ್ಷ. ಚರ್ಚಿನಲ್ಲಿ ಅವಳ ಕೈ ಹಿಡಿದು ನಡೆಸೋನು ನಾನೇ. ಊರೆಲ್ಲ ನೋಡಲಿ. ಪೈಪ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಹೊತ್ತವನು ನಾನು, ಆರಡಿ ಆಳು. ಅಣ್ಣ ನನಗಿಂತ ಮೂರು ಬೆರಳು ಕಮ್ಮಿ. ಸಾಯೋವರೆಗೂ ಗಿಡ್ಡ ಅಂತಲೇ ಕರೆದೆ.

ಜೂನ್ 4, ಗುರುವಾರ
ಮೂರು ವಾರ ಬರೆಯಲಿಲ್ಲ. ಕೈನೋವು.
ಸುಳ್ಳು. ಓದೋರೇ ಇಲ್ಲದ ಕಡೆ ಸುಳ್ಳು ಯಾಕೆ...
ನನ್ನ ಕಿಲ್ಟ್ ಪೆಟ್ಟಿಗೆಯಿಂದ ತೆಗೆದು ಉಟ್ಟೆ. ಮಂಡಿಯೂರಿದೆ. ನೆಲ ಮುಟ್ಟಿತು. ಅಡುಗೆಮನೆ ನೆಲ ಡೊಂಕು ಅಂತ ಕೊಟ್ಟಿಗೆಯಲ್ಲಿ ಊರಿದೆ. ಚರ್ಚಿನಲ್ಲೂ ಊರಿದೆ — ಪಾದ್ರಿ ನನಗೆ ಭಕ್ತಿ ಬಂತು ಅಂದುಕೊಂಡ. ಅಲ್ಲೂ ಮುಟ್ಟಿತು. ನರ್ಸಮ್ಮ ಅಳೆದು, ಎರಡೂವರೆ ಇಂಚು ಕುಗ್ಗಿದ್ದೀಯ, ವಯಸ್ಸು ಅಂದಳು. ನಿನ್ನ ಟೇಪು ಹಿಗ್ಗಿದೆ ಅಂದೆ.
ಮೇಲೆಳೆದು ಕಟ್ಟಿದೆ. ಪಕ್ಕೆಲುಬಿಗೆ ಬಂತು. ನಾಯಿ ಗುರುತು ಸಿಗದೆ ಬೊಗಳಿತು. ಅಂಚು ಮಡಚಿ ಹೊಲಿಯೋ ಹಾಗಿಲ್ಲ, ಅದು ಮಗ್ಗದಿಂದಲೇ ಬಂದ ಅಂಚು. ಸೂಜಿ ತಾಗಿಸಿದರೆ ಮಾನ ಹೋಯ್ತು.

ಇವತ್ತು ಇಶ್ಬೆಲ್ ಬಂದಳು. ನರ್ಸಮ್ಮನ ಬಾಯಿ ಎಲ್ಲಿ ಸುಮ್ಮನಿರುತ್ತೆ.
"ಚಿಕ್ಕಪ್ಪಾ, ಕಿಲ್ಟ್ ಉಟ್ಕೊಂಡು ಮಂಡಿಯೂರು."
"ಮಂಡಿ ನೋವು."
"ನಿನ್ನ ಕಾನೂನು. ಬರೆದಿಟ್ಕೊಂಡಿದ್ದೀನಿ."
ಊರಿದೆ. ಮುಟ್ಟಿತು. ಅವಳು ನಗಲಿಲ್ಲ. ಅದೇ ಕಷ್ಟವಾಯ್ತು. ಪ್ಯಾಂಟು ಹಾಕೋ ಪೈಕಿ ಅಲ್ಲ ನಾನು, ಚರ್ಚಿನ ಹೊರಗೆ ಕಿಲ್ಟಿನಲ್ಲೇ ನಿಂತಿರ್ತೀನಿ, ನೀನೊಬ್ಬಳೇ ನಡಿ ಅಂದುಬಿಟ್ಟೆ. ಬಾಗಿಲೆಳೆದುಕೊಂಡು ಹೋದಳು.

ಜೂನ್ 5, ಶುಕ್ರವಾರ, ಸಂಜೆ 5
ಇಶ್ಬೆಲ್ ಒಂದು ಗಂಟು ತಂದಳು. ನುಸಿಗುಳಿಗೆ ವಾಸನೆ. ಬಿಚ್ಚಿದರೆ ಒಂದು ಕಿಲ್ಟ್, ನಮ್ಮದೇ ಮನೆತನದ ಚೌಕಳಿ.
"ಆ ಗಿಡ್ಡನದ್ದಾ?"
"ಹೂಂ, ಆ ಗಿಡ್ಡನದ್ದೇ. ನೀನು ಗಿಡ್ಡ ಅಂದಾಗೆಲ್ಲ ಅಪ್ಪ ಏನಂತಿದ್ದ ಗೊತ್ತಾ? ಇರ್ಲಿ ಬಿಡು, ಒಂದಿನ ಅವನೂ ನನ್ನ ಅಳತೆಗೆ ಬರ್ತಾನೆ ಅಂತ."
ಉಟ್ಟೆ. ಊರಿದೆ. ಇಶ್ಬೆಲ್ ನೆಲಕ್ಕೂ ಅಂಚಿಗೂ ನಡುವೆ ಬೆರಳಿಟ್ಟಳು. ಹಿಡಿಯಿತು. ಒಂದೇ ಬೆರಳು. ಬೆರಳು ತೆಗೆಯದೆ ಸುಮಾರು ಹೊತ್ತು ಹಾಗೇ ಕೂತಿದ್ದಳು.

ಜೂನ್ 6, ಶನಿವಾರ, ಬೆಳಿಗ್ಗೆ 9
ತಯಾರು. ಹೊಕ್ಕಳ ಮಟ್ಟ, ನಾಲ್ಕು ಬೆರಳು, ಎಲ್ಲ ಲೆಕ್ಕಕ್ಕೆ ಸರಿ. ಸ್ಪಾರನ್ನೂ ಅಣ್ಣನದೇ. ತಳದಲ್ಲಿ ಒಂದು ಪೆಪ್ಪರ್‌ಮಿಂಟ್ ಸಿಕ್ಕಿತು, ಆರು ವರ್ಷದ್ದು. ತಿಂದೆ.
ಇಲ್ಲಿ ಬರೆದಿಡ್ತೀನಿ: ನಾನು ಕುಗ್ಗಿಲ್ಲ. ಈ ಊರಿನ ನೆಲ ಏರಿದೆ.
ಹೊರಗೆ ಇಶ್ಬೆಲ್ ಕರೀತಿದ್ದಾಳೆ. ಇವತ್ತು ಯಾವನಾದರೂ ನನ್ನನ್ನು ಗಿಡ್ಡ ಅನ್ನಲಿ, ನೋಡೇಬಿಡ್ತೀನಿ. ನನ್ನದೊಂದು ಏಟು, ಅಣ್ಣನ ಲೆಕ್ಕದಲ್ಲಿ ಇನ್ನೊಂ—